ಸುಡಾನ್ ಯುದ್ಧದ ಬಗ್ಗೆ ನಮ್ಮ ಸಂಸದರಿಗೆ ಪತ್ರ ಬರೆದರೆ ಏನು ಪ್ರಯೋಜನ?

ನಾನು ಎರಡು ಸಲ ಬರೆದಿದ್ದೇನೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಅದರಲ್ಲಿ ತಪ್ಪು ನನ್ನದೇ, ಬರೀ ‘ಶಾಂತಿಗೆ ಪ್ರಯತ್ನಿಸಿ’ ಎಂದು ಬರೆದಿದ್ದೆ. ಹಾಗೆ ಬರೆದರೆ ಅವರಾದರೂ ಏನು ಮಾಡಬೇಕು?

‘ನಮಗೂ ಸುಡಾನ್‌ಗೂ ಏನು ಸಂಬಂಧ’ ಎಂದೂ ಕೇಳಿದ್ದೀರಿ. 2023ರ ಏಪ್ರಿಲ್ 15ರಂದು ಸುಡಾನ್‌ನ ಸೇನಾ ಮುಖ್ಯಸ್ಥ ಬುರ್ಹಾನ್‌ರ ಸೇನೆಗೂ ಹೆಮೆಟಿ ಎಂಬಾತನ ಅರೆಸೇನಾ ಪಡೆ ಆರ್‌ಎಸ್‌ಎಫ್‌ಗೂ ಕಾಳಗ ಹತ್ತಿಕೊಂಡಾಗ, ಪಶ್ಚಿಮದ ದಾರ್ಫರ್ ಪ್ರದೇಶದ ಎಲ್ ಫಾಶರ್ ನಗರದಲ್ಲಿ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದಿದ್ದರು. ಗಿಡಮೂಲಿಕೆ ಔಷಧಿ ಮಾರಲು ಹೋದವರು. ಇಲ್ಲಿ ವಿಧಾನಸಭಾ ಚುನಾವಣೆಯ ಹೊತ್ತು, ಎಲ್ಲ ಪಕ್ಷದವರೂ ಮಾತಾಡಿದರು. ಕೇಂದ್ರ ಸರ್ಕಾರದ ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಸೌದಿಯ ಜೆಡ್ಡಾಕ್ಕೆ ದಾಟಿಸಿ ಊರಿಗೆ ಕರೆತಂದರು. ನಮ್ಮವರು ಬಂದರು, ನಾವು ಮರೆತೆವು. ಅದೇ ಎಲ್ ಫಾಶರ್ ಒಂದೂವರೆ ವರ್ಷ ಮುತ್ತಿಗೆಯಲ್ಲಿ ನರಳಿ, 2025ರ ಅಕ್ಟೋಬರ್‌ನಲ್ಲಿ ಆರ್‌ಎಸ್‌ಎಫ್ ವಶವಾಯಿತು. ಕೊನೆಕೊನೆಗೆ ಅಲ್ಲಿಯವರು ದನಕ್ಕೆ ಹಾಕುವ ಕಡಲೆಕಾಯಿ ಹಿಂಡಿ ತಿಂದು ಜೀವ ಹಿಡಿದಿದ್ದರು. ನಮ್ಮವರಿಂದ ಔಷಧಿ ಕೊಂಡ ಊರಿನ ಜನ ಅವರು. ನನಗೆ ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮಾತುಕತೆಯಿಂದ ಏನಾಗುತ್ತದೆ ಅನ್ನುವವರಿಗೆ: ಅದೇ ದೇಶದಲ್ಲಿ ಇಪ್ಪತ್ತು ವರ್ಷ ಮೀರಿ ನಡೆದ ಉತ್ತರ-ದಕ್ಷಿಣ ಯುದ್ಧಕ್ಕೆ 2005ರಲ್ಲಿ ತೆರೆ ಬಿದ್ದದ್ದು ಕೆನ್ಯಾದಲ್ಲಿ ವರ್ಷಗಟ್ಟಲೆ ಕೂತು ಆಡಿದ ಮಾತಿನಿಂದ. ಈಗಿನ ಯುದ್ಧದ ಎರಡೂ ಕಡೆಯವರು ಸೌದಿಯಲ್ಲಿ ಮಾಡಿಕೊಂಡ 2023ರ ಜೆಡ್ಡಾ ಒಪ್ಪಂದ ಮುರಿದುಬಿತ್ತು, ನಿಜ. ಆದರೆ ಆಯುಧ ಹೊರಗಿನಿಂದ ಬರುತ್ತಲೇ ಇದ್ದರೆ ಯಾವ ಒಪ್ಪಂದ ನಿಂತೀತು? ಆರ್‌ಎಸ್‌ಎಫ್‌ಗೆ ಯುಎಇ ಶಸ್ತ್ರ ಕೊಡುತ್ತಿದೆ ಎಂಬ ಆರೋಪವಿದೆ, ಆ ದೇಶ ಅಲ್ಲಗಳೆಯುತ್ತದೆ. ಈಜಿಪ್ಟ್ ಬುರ್ಹಾನ್‌ರ ಸೇನೆಯ ಕಡೆಗಿದೆ. ಯುಎಇಯ ಅಬುಧಾಬಿ, ಈಜಿಪ್ಟ್‌ನ ಕೈರೋ, ಸೌದಿಯ ರಿಯಾದ್ ಮೂರೂ ಕಡೆ ದೆಹಲಿಯ ಮಾತಿಗೆ ಬೆಲೆಯಿದೆ. ಸುಡಾನ್‌ನ 1953ರ ಮೊದಲ ಸಂಸತ್ ಚುನಾವಣೆ ನಡೆಸಿಕೊಟ್ಟದ್ದೂ ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರೇ.

ಹಾಗಾಗಿ ಎರಡನೇ ಪತ್ರದಲ್ಲಿ ಒಂದೇ ಬೇಡಿಕೆ ಇಟ್ಟೆ: ‘ಸುಡಾನ್‌ಗೆ ಆಯುಧ ಹೋಗುವುದನ್ನು ನಿಲ್ಲಿಸಲು, ಆಹಾರದ ಲಾರಿಗಳಿಗೆ ದಾರಿ ಬಿಡಿಸಲು ಸರ್ಕಾರ ಈ ಮೂರು ದೇಶಗಳೊಂದಿಗೆ ಏನು ಮಾತಾಡಿದೆ ಎಂದು ವಿದೇಶಾಂಗ ಸಚಿವರನ್ನು ಲೋಕಸಭೆಯಲ್ಲಿ ಲಿಖಿತವಾಗಿ ಕೇಳಿ.’ ಸಂಸದರ ಕಚೇರಿಯಿಂದ ಫೋನ್ ಬಂತು, ಪ್ರಶ್ನೆಯ ಕರಡು ಕಳಿಸಿ ಎಂದರು. ನೀವೂ ಕನ್ನಡದಲ್ಲೇ, ಒಂದು ಪುಟದೊಳಗೆ ಬರೆಯಿರಿ. ಪ್ರಶ್ನೆಗೆ ಹದಿನೈದು ದಿನ ಮೊದಲೇ ನೋಟಿಸ್ ಕೊಡಬೇಕಾಗುವುದರಿಂದ, ಅಧಿವೇಶನಕ್ಕೆ ಒಂದು ತಿಂಗಳಿರುವಾಗಲೇ ಪತ್ರ ಅವರ ಕೈಸೇರಲಿ.