ಸಮುದಾಯ ಆರೋಗ್ಯ ಕ್ಲಿನಿಕ್‌ಗಳಲ್ಲಿ ರೋಗ ತಡೆಯುವ ಆರೈಕೆಯ ಗುಣಮಟ್ಟ ಸುಧಾರಿಸುವುದು ಹೇಗೆ?

ಬಂದವರನ್ನು ನೋಡಿ ಕಳಿಸುವುದರ ಜೊತೆಗೆ, ಬರದೇ ಇರುವವರ ಲೆಕ್ಕವನ್ನೂ ಕ್ಲಿನಿಕ್ ಇಟ್ಟುಕೊಳ್ಳಬೇಕು. ಯಾರಿಗೆ ಯಾವ ಲಸಿಕೆ, ಯಾವ ತಪಾಸಣೆ ಬಾಕಿ ಇದೆ ಎಂದು ಪಟ್ಟಿ ಮಾಡಿ, ಅವರನ್ನು ಕರೆಸುವ ಕೆಲಸವನ್ನು ಒಬ್ಬರಿಗೆ ವಹಿಸಬೇಕು. ಹೊಸ ಯಂತ್ರಗಳಿಗಿಂತ ಮೊದಲು ಇದಾಗಬೇಕು ಎಂಬುದು ನನ್ನ ಅಭಿಪ್ರಾಯ.

ಜನ ಕ್ಲಿನಿಕ್‌ಗೆ ಬರುವುದು ನೋವು, ಜ್ವರ ಅಂತ. ಅಧಿಕ ರಕ್ತದೊತ್ತಡ, ಆರಂಭದ ಸಕ್ಕರೆ ಕಾಯಿಲೆ, ಗರ್ಭಕಂಠದ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಗಳು ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಹಾಗಾಗಿ ರೋಗಿ ಕೇಳುವುದಿಲ್ಲ, ಕೆಮ್ಮಿಗೆ ಔಷಧಿ ಬರೆಯುವ ಧಾವಂತದಲ್ಲಿ ವೈದ್ಯರಿಗೂ ನೆನಪಾಗುವುದಿಲ್ಲ. ವೈದ್ಯರು ಮೊದಲೇ ಬರೆದುಕೊಟ್ಟ ನಿಯಮದಂತೆ ಲಸಿಕೆ ಹಾಕಲು, ಪರೀಕ್ಷೆಗೆ ಕಳಿಸಲು ನರ್ಸ್‌ಗಳಿಗೇ ಅಧಿಕಾರ ಕೊಟ್ಟರೆ ಯಾರ ನೆನಪನ್ನೂ ನೆಚ್ಚಿಕೊಳ್ಳಬೇಕಿಲ್ಲ.

ಅಳತೆಯೂ ಸರಿಯಿರಬೇಕು. ಬಿ.ಪಿ. ನೋಡುವ ಮುನ್ನ ರೋಗಿ 5 ನಿಮಿಷ ಒರಗಿ ಕೂತಿರಬೇಕು. ಪಾದ ನೆಲದ ಮೇಲೆ, ತೋಳು ಹೃದಯದ ಮಟ್ಟಕ್ಕೆ, ಮಾತು ಬೇಡ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಬೇಡದವರಿಗೂ ಮಾತ್ರೆ ಶುರುವಾಗುತ್ತದೆ.

ತಪಾಸಣೆ ಆದ ಮೇಲೂ ಜನ ಕೈತಪ್ಪಿ ಹೋಗುತ್ತಾರೆ. ಮಲದಲ್ಲಿ ರಕ್ತದ ಅಂಶ ಸಿಕ್ಕವರಿಗೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಹಾಕಿ ಕರುಳು ನೋಡುವ ಪರೀಕ್ಷೆ, ಆಗದಿದ್ದರೆ ಮೊದಲನೆಯದನ್ನು ಮಾಡಿ ಪ್ರಯೋಜನವಿಲ್ಲ. ದಯವಿಟ್ಟು ಎಷ್ಟು ಜನರನ್ನು ಪರೀಕ್ಷಿಸಿದೆವು ಎಂದಷ್ಟೇ ಎಣಿಸಬೇಡಿ. ಅಸಹಜ ವರದಿ ಬಂದವರಲ್ಲಿ ಎಷ್ಟು ಜನರಿಗೆ ಮುಂದಿನ ಪರೀಕ್ಷೆ, ಚಿಕಿತ್ಸೆ ಸಿಕ್ಕಿತು ಎಂದು ಪ್ರತಿ ತಿಂಗಳು ನೋಡಿ.