ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸೆಂಟರ್ ಆಟಗಾರರು (ತಂಡದಲ್ಲಿ ಸಾಮಾನ್ಯವಾಗಿ ಅತಿ ಎತ್ತರದವರು) ಈಗ ಬುಟ್ಟಿಯಿಂದ ದೂರ ನಿಂತು ಆಡುವುದೇಕೆ?

ಎದುರಾಳಿ ತಂಡದ ಅತಿ ಎತ್ತರದ ಕಾವಲುಗಾರನನ್ನು ಬುಟ್ಟಿಯ ಬಳಿಯಿಂದ ಹೊರಗೆಳೆಯುವುದೇ ಇದರ ಮುಖ್ಯ ಉದ್ದೇಶ. 1990ರ ಮತ್ತು 2000ದ ದಶಕಗಳ ಖ್ಯಾತ ಸೆಂಟರ್ ಶಾಕಿಲ್ ಓನೀಲ್ ಅವರ ಕಾಲದಲ್ಲಿ ಸೆಂಟರ್ ಎಂದರೆ ಸಾಮಾನ್ಯವಾಗಿ ಬುಟ್ಟಿಗೆ ಬೆನ್ನು ಮಾಡಿ ನಿಂತು, ಮೈಬಲದಿಂದ ಎದುರಾಳಿಯನ್ನು ಹಿಂದೊತ್ತಿ ಅಂಕ ಗಳಿಸುವವನು. ಓನೀಲ್ ತಮ್ಮ ಇಡೀ ಎನ್‌ಬಿಎ ವೃತ್ತಿಜೀವನದಲ್ಲಿ ದೂರದಿಂದ ಎಸೆದು ಮೂರಂಕ (ಎರಡರ ಬದಲು ಮೂರು ಅಂಕ) ಗಳಿಸಿದ್ದು ಒಂದೇ ಒಂದು ಬಾರಿ. ಆದರೆ ಹಾಗೆ ನಿಂತವನೊಂದಿಗೆ ಅವನ ಕಾವಲುಗಾರನೂ ಅಲ್ಲೇ ಉಳಿಯುವುದರಿಂದ ಸಹ ಆಟಗಾರರು ಒಳನುಗ್ಗುವ ದಾರಿ ಮುಚ್ಚಿಹೋಗುತ್ತದೆ. ಸೆಂಟರ್ ದೂರದಿಂದಲೇ ಗುರಿಯಿಡಬಲ್ಲವನಾದರೆ ಕಾವಲುಗಾರನು ಅವನ ಬೆನ್ನುಹತ್ತಿ ಹೊರಬರಲೇಬೇಕಾಗಿ, ಆ ದಾರಿ ತೆರೆದುಕೊಳ್ಳುತ್ತದೆ. ಹೊರಗಿನಿಂದ ಎಸೆದರೆ ಮೂರು ಅಂಕ ಕೊಡುವ ಮೂರಂಕದ ಗೆರೆ ಎನ್‌ಬಿಎಗೆ 1979ರಲ್ಲೇ ಬಂದಿದ್ದರೂ ತಂಡಗಳು ಈ ಲಾಭವನ್ನು ಅರಿತದ್ದು, ನನ್ನ ದೃಷ್ಟಿಯಲ್ಲಿ, ಬಹಳ ತಡವಾಗಿ. ಮೊದಲ 8 ಋತುಗಳಲ್ಲಿ ಒಟ್ಟು 3 ಬಾರಿ ಮಾತ್ರ ಮೂರಂಕ ಗಳಿಸಿದ್ದ ಸೆಂಟರ್ ಆಟಗಾರ ಬ್ರೂಕ್ ಲೋಪೆಜ್, 2016-17ರ ಒಂದೇ ಋತುವಿನಲ್ಲಿ 134 ಬಾರಿ ಗಳಿಸಿದರು.