ಕೌನ್ಸಿಲ್‌ ಪತ್ರಕ್ಕೆ ಉತ್ತರ ಕೊಡಿ, ಹೆಸರು ಸೇರಿಸ್ಕೊಳ್ಳಿ

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ಗೆ ಹೊಸದಾಗಿ ಬಂದಿದೀವಿ, ವರ್ಕ್ ವೀಸಾ, ಮನೇಲಿ ಯಾರ್ಯಾರಿದೀರಿ ಅಂತ ಇಲ್ಲಿನ ನಗರಸಭೆ, ಅಂದ್ರೆ ಕೌನ್ಸಿಲ್‌ನಿಂದ ಪತ್ರ ಬಂದಿದೆ, ಇಂಡಿಯನ್ ಸಿಟಿಜನ್‌ಗಳಿಗೆ ಇಲ್ಲಿನ ವೋಟರ್ ಲಿಸ್ಟ್ ಯಾಕೆ ಅಂತ ಕೇಳಿದೀರಲ್ಲ. ಬೇಕು ಸ್ವಾಮಿ, ಖಂಡಿತ ಬೇಕು. ಕಾಮನ್‌ವೆಲ್ತ್ ದೇಶದವರು (ಇಂಡಿಯಾನೂ ಆ ಕೂಟದಲ್ಲಿದೆ) ವೀಸಾದಲ್ಲಿದ್ರೂ ಇಲ್ಲಿ ಪಾರ್ಲಿಮೆಂಟ್ ಎಲೆಕ್ಷನ್‌ಗೆ ವೋಟ್ ಹಾಕಬಹುದು, ಬೂತಲ್ಲಿ ತೋರಿಸೋಕೆ ನಮ್ಮ ಪಾಸ್‌ಪೋರ್ಟೇ ಸಾಕು. ಆದ್ರೆ ನಾನು ಇಷ್ಟು ಒತ್ತಿ ಹೇಳ್ತಿರೋದಕ್ಕೆ ಇನ್ನೊಂದು ಕಾರಣ ಇದೆ.

ಇಲ್ಲಿ ಕ್ಷೇತ್ರಗಳನ್ನ ಸಮ ಮಾಡೋದ್ರಲ್ಲಿ ತುಂಬಾ ಬಿಗಿ. 2024ರ ಎಲೆಕ್ಷನ್‌ಗೆ ಮುಂಚೆ ಗಡಿ ಬದಲಾಯಿಸಿದಾಗ ಒಂದು ಕ್ಷೇತ್ರಕ್ಕೆ ಸರಾಸರಿ 73,393 ವೋಟರ್ಸ್ ಅಂತ ಲೆಕ್ಕ ಹಾಕಿ, ಅದರ ಮೇಲೆ ಕೆಳಗೆ 5% ಮಾತ್ರ, ಅಂದ್ರೆ 69,724ರಿಂದ 77,062ರ ಒಳಗೇ ಇರ್ಬೇಕು ಅಂತ ಕಾನೂನೇ ಇತ್ತು, ದ್ವೀಪಗಳ ಐದು ಕ್ಷೇತ್ರಕ್ಕೆ ಮಾತ್ರ ವಿನಾಯಿತಿ. ಅದರಿಂದ ವೇಲ್ಸ್‌ಗೆ 40 ಇದ್ದ ಸೀಟು 32ಕ್ಕೆ ಇಳೀತು. ನಮ್ಮೂರಲ್ಲಿ ಎರಡೂ ಕ್ಷೇತ್ರ 90 ಸಾವಿರ ದಾಟಿತ್ತು, ಹಾಗಾಗಿ ಊರಿನ ಬ್ಲೆಚ್ಲಿ ಭಾಗವನ್ನ ಪಕ್ಕದ ಬಕಿಂಗ್‌ಹ್ಯಾಮ್ ಜೊತೆ ಸೇರಿಸಿದ್ರು, ನಿಮ್ಮ ಪಕ್ಕದ ಮನೆಯವರು ನಮ್ಮ ಕ್ಷೇತ್ರಾನೇ ಬದಲಾಯ್ತು ಅಂದ್ರು ಅಂತ ನೀವು ಬರೆದಿದ್ದು ಇದನ್ನೇ. ಊರು ಒಡೀತಾರೆ ಅಂತ ಕೆಲವರಿಗೆ ಬೇಜಾರು, ಅದು ಅರ್ಥ ಆಗತ್ತೆ, ಆದ್ರೂ ನನ್ನ ಪ್ರಕಾರ ಸಮ ಇರೋದೇ ನ್ಯಾಯ. 1832ರ ತನಕ ಇಲ್ಲೇ ಓಲ್ಡ್ ಸೇರಮ್ ಅನ್ನೋ ಜನವೇ ಇಲ್ಲದ ದಿಬ್ಬಕ್ಕೆ ಇಬ್ಬರು ಎಂಪಿ, ಮ್ಯಾಂಚೆಸ್ಟರ್‌ಗೆ ಒಬ್ರೂ ಇಲ್ಲ. ನಮ್ಮಲ್ಲೂ ನೋಡಿ, 2024ರಲ್ಲಿ ಬೆಂಗಳೂರು ಉತ್ತರದಲ್ಲಿ ವೋಟರ್ಸ್ 30 ಲಕ್ಷ ದಾಟಿದ್ರು, ಉಡುಪಿ ಚಿಕ್ಕಮಗಳೂರಲ್ಲಿ 16 ಲಕ್ಷದ ಒಳಗೆ, ಇಬ್ಬರಿಗೂ ಒಬ್ಬೊಬ್ರೇ ಎಂಪಿ, ಅಂದ್ರೆ ಉಡುಪಿ ಕಡೆಯ ಒಂದು ವೋಟಿನ ತೂಕ ಬೆಂಗಳೂರು ಉತ್ತರದ್ದರ ಹೆಚ್ಚುಕಮ್ಮಿ ಎರಡರಷ್ಟು.

ಸರಿ, ಇಲ್ಲಿರೋ ದೊಡ್ಡ ತೂತು ಏನು ಅಂದ್ರೆ ಎಣಿಸೋದು ಜನರನ್ನಲ್ಲ, ಲಿಸ್ಟಲ್ಲಿರೋ ಹೆಸರನ್ನ. ಇಂಡಿಯಾದಲ್ಲಿ ಜನಗಣತಿ ನೋಡಿ ಗಡಿ ಎಳೀತಾರೆ, ಮಕ್ಕಳೂ ಲೆಕ್ಕಕ್ಕೆ ಬರ್ತಾರೆ. ಇಲ್ಲಿ ಕಳೆದ ಸಲ 2020ರ ಮಾರ್ಚ್ 2ರ ಲಿಸ್ಟ್ ಹಿಡಿದು ಕೂತ್ರು, ಅವತ್ತು ಹೆಸರಿಲ್ಲದವರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಬಾಡಿಗೆ ಮನೆಯವರು, ವಯಸ್ಸಿನ ಹುಡುಗರು, ನಮ್ಮಂಗೆ ಹೊರಗಿಂದ ಬಂದವರು, ಲಿಸ್ಟಿಂದ ಹೊರಗೆ ಉಳಿಯೋದು ಹೆಚ್ಚಾಗಿ ಇವರೇ, ಹಾಗಾಗಿ ಇಂಥವರು ಜಾಸ್ತಿ ಇರೋ ಊರಲ್ಲಿ ಕಾಗದದ ಮೇಲೆ ಸಮ, ನಿಜದಲ್ಲಿ ಒಬ್ಬ ಎಂಪಿಗೆ ಎಷ್ಟೋ ಜಾಸ್ತಿ ಜನ. ಮುಂದಿನ ಪರಿಷ್ಕರಣೆ 2031ರೊಳಗೆ ಮುಗೀಬೇಕು, ಅದಕ್ಕೆ ಲಿಸ್ಟ್ ತಗೊಳ್ಳೋ ಹೊತ್ತಿಗೆ ನಿಮ್ಮ ಹೆಸರು ಇರ್ಲಿ.

ಎನ್‌ಐ ನಂಬರ್ (ನ್ಯಾಷನಲ್ ಇನ್ಶೂರೆನ್ಸ್ ನಂಬರ್) ಇಟ್ಕೊಂಡು ಆನ್‌ಲೈನಲ್ಲಿ ಅರ್ಜಿ ಹಾಕಿ. ಕೌನ್ಸಿಲ್ ಪತ್ರಕ್ಕೆ ಉತ್ತರ ಬರೆದ ಮಾತ್ರಕ್ಕೆ ಹೆಸರು ಸೇರಲ್ಲ, ಇಬ್ರೂ ಬೇರೆ ಬೇರೆ ಅರ್ಜಿ ಹಾಕ್ಬೇಕು, ಮನೆಯವರದ್ದೂ ಮರೀಬೇಡಿ.